ಶುಗರ್ ಇದ್ದರೂ ಅಂಗಳ ಬಿಡದ ಹುಡುಗ

ಮಗನಿಗೆ ಶುಗರ್ ಐತಿ ಎಂದು ಡಾಕ್ಟರ್ ಹೇಳಿದ ದಿನ ಮನೆಯಲ್ಲಿ ಮೊದಲು ಬಂದ್ ಆಗುವುದು ಸಿಹಿ, ಆಮೇಲೆ ಆಟ. 'ಓಡಬ್ಯಾಡಪಾ, ಎಲ್ಲರೆ ಬಿದ್ದೀ' ಎನ್ನುವ ಮಾತು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಮನೆಗಳಿಗೆ ಹೊಸದೇನಲ್ಲ. ಅಂಥ ಮನೆಯವರು ತಿಳಿದಿರಬೇಕಾದ ಕಥೆಯೊಂದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿದೆ. ಅದು 6 ಅಡಿ 8 ಇಂಚು ಎತ್ತರದ ಫಾರ್ವರ್ಡ್ ಆಟಗಾರ ಆಡಮ್ ಮಾರಿಸನ್‌ನ ಕಥೆ.

ಮಾರಿಸನ್ ಹುಟ್ಟಿದ್ದು 1984ರಲ್ಲಿ, ಮೊಂಟಾನಾ ರಾಜ್ಯದಲ್ಲಿ. ತಂದೆ ಬಾಸ್ಕೆಟ್‌ಬಾಲ್ ಕೋಚ್. ಹೀಗಾಗಿ ಚೆಂಡು ಮನೆಯಲ್ಲೇ ಇತ್ತು. ಎಂಟನೇ ಇಯತ್ತೆಯಲ್ಲಿದ್ದಾಗ ಆತನಿಗೆ ಟೈಪ್-1 ಮಧುಮೇಹ ಇರುವುದು ಗೊತ್ತಾಯಿತು. ಇದು ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಶುಗರ್ ಅಲ್ಲ. ಇದರಲ್ಲಿ ದೇಹದೊಳಗೆ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಬದುಕಿರುವತನಕ ಹೊರಗಿನಿಂದ ತೆಗೆದುಕೊಳ್ಳಲೇಬೇಕು. ಸಕ್ಕರೆ ಇಳಿದರೆ ಕೈಕಾಲು ನಡುಗಿ ಎಚ್ಚರ ತಪ್ಪಬಹುದು, ಏರಿದರೆ ಮೈಯಲ್ಲಿ ತ್ರಾಣವೇ ಉಳಿಯುವುದಿಲ್ಲ. ಆದರೂ ಹುಡುಗ ಅಂಗಳ ಬಿಡಲಿಲ್ಲ. 2003ರ ಹೈಸ್ಕೂಲ್ ರಾಜ್ಯ ಫೈನಲ್‌ನಲ್ಲಿ ಸಕ್ಕರೆ ಇಳಿದು ಒದ್ದಾಡುತ್ತಲೇ 37 ಅಂಕ ಗಳಿಸಿದ. ತಂಡ ಮಾತ್ರ ಸೋತಿತು.

ಬೆಂಚ್ ಮೇಲೆ ಸೂಜಿ

ಮುಂದೆ ಸೇರಿದ್ದು ಸ್ಪೋಕೇನ್ ಪಟ್ಟಣದ ಗೊನ್ಜಾಗಾ ವಿಶ್ವವಿದ್ಯಾಲಯ. ಪಂದ್ಯದ ದಿನ ನಿಗದಿತ ವೇಳೆಗೆ, ಒಂದೇ ಬಗೆಯ ಊಟ. ಆಟದ ನಡುವೆ ಬಿಡುವು ಸಿಕ್ಕಾಗ ಬೆಂಚ್ ಮೇಲೆ ಕುಳಿತು ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವುದು, ಬೇಕೆನಿಸಿದರೆ ಅಲ್ಲೇ ಇನ್ಸುಲಿನ್ ಸೂಜಿ. ಮುಚ್ಚುಮರೆ ಇಲ್ಲ. ಸಾವಿರಾರು ಜನರೆದುರು ಹೀಗೆ ಚುಚ್ಚಿಕೊಂಡು ಎದ್ದು ಹೋಗಿ ಚೆಂಡು ಹಿಡಿಯುತ್ತಿದ್ದ.

ಲೆಕ್ಕ ನೋಡಿದರೆ ಬೆಳವಣಿಗೆ ತಿಳಿಯುತ್ತದೆ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 11.4 ಅಂಕ, ಎರಡನೇ ವರ್ಷ 19, ಮೂರನೇ ವರ್ಷ ಅಂದ್ರೆ 2005-06ರಲ್ಲಿ 28.1. ಆ ವರ್ಷ ಇಡೀ ಅಮೆರಿಕದ ಮೊದಲ ದರ್ಜೆಯ ಕಾಲೇಜು ಆಟದಲ್ಲಿ ಇಷ್ಟು ಸರಾಸರಿ ಇನ್ನಾರಿಗೂ ಇರಲಿಲ್ಲ. ಮಿಷಿಗನ್ ಸ್ಟೇಟ್ ವಿರುದ್ಧ ಮೂರು ಸಲ ಹೆಚ್ಚುವರಿ ವೇಳೆಗೆ ಹೋದ ಪಂದ್ಯದಲ್ಲಿ ಒಬ್ಬನೇ 43 ಅಂಕ ಹೊಡೆದ. ಕಾಲೇಜು ಕೋಚ್‌ಗಳ ಸಂಘ ವರ್ಷದ ಆಟಗಾರ ಪ್ರಶಸ್ತಿಯನ್ನು ಈತನಿಗೂ ಡ್ಯೂಕ್ ವಿಶ್ವವಿದ್ಯಾಲಯದ ಜೆ.ಜೆ. ರೆಡಿಕ್‌ಗೂ ಹಂಚಿ ಕೊಟ್ಟಿತು.

2006ರ ಮಾರ್ಚ್ 23ರಂದು ರಾಷ್ಟ್ರೀಯ ಟೂರ್ನಿಯಲ್ಲಿ ಯುಸಿಎಲ್‌ಎ ತಂಡದ ಎದುರು ಗೊನ್ಜಾಗಾ ಒಂದು ಹಂತದಲ್ಲಿ 17 ಅಂಕ ಮುಂದಿತ್ತು. ಆದರೆ ಕೊನೆಯ 11 ಅಂಕ ಪೂರ್ತಿ ಎದುರಾಳಿಯ ಪಾಲಾಗಿ 73-71ರಿಂದ ಸೋತಿತು. 24 ಅಂಕ ಗಳಿಸಿದ್ದ ಮಾರಿಸನ್ ಅಂಗಳದಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಗೆದ್ದ ತಂಡದ ಆಟಗಾರರೇ ಬಂದು ಎಬ್ಬಿಸಿದರು. ಅದೇ ಆತನ ಕೊನೆಯ ಕಾಲೇಜು ಪಂದ್ಯ.

ವೃತ್ತಿಪರ ಆಟದ ಲೆಕ್ಕವೇ ಬೇರೆ

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎದಲ್ಲಿ ತಂಡಗಳು ಪ್ರತಿವರ್ಷ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಕಾಲೇಜಿನಲ್ಲಿ ಇನ್ನೊಂದು ವರ್ಷ ಆಡಲು ಅವಕಾಶವಿದ್ದರೂ ಮಾರಿಸನ್ 2006ರ ಡ್ರಾಫ್ಟ್‌ಗೆ ಹೆಸರು ಕೊಟ್ಟ. ಆಗ ಮೈಕೆಲ್ ಜೋರ್ಡನ್ ಪಾಲುದಾರರಾಗಿದ್ದ ಶಾರ್ಲೆಟ್ ಬಾಬ್‌ಕ್ಯಾಟ್ಸ್ ತಂಡ ಮೂರನೆಯವನನ್ನಾಗಿ ಆರಿಸಿತು. ಗುರಿಯಿಟ್ಟು ಹೊಡೆಯುವುದರಲ್ಲಿ ಪಳಗಿದ ಕೈ, ಆದರೆ ಕಾಲಿನ ವೇಗ ಕಡಿಮೆ, ಎದುರಾಳಿಯನ್ನು ತಡೆಯುವುದರಲ್ಲಿ ಹಿಂದೆ ಎಂಬ ಅನುಮಾನ ಮೊದಲೇ ಇತ್ತು.

ಅನುಮಾನ ನಿಜವಾಯಿತು. ಕಾಲೇಜಿನ ಕೊನೆಯ ವರ್ಷ ನೂರು ಹೊಡೆತಕ್ಕೆ ಸುಮಾರು 50 ಬುಟ್ಟಿಗೆ ಬೀಳುತ್ತಿದ್ದವು. ಎನ್‌ಬಿಎಯ ಮೊದಲ ವರ್ಷ ಅದು 38ಕ್ಕೆ ಇಳಿಯಿತು, ಸರಾಸರಿ 11.8 ಅಂಕ. 2007ರ ಅಕ್ಟೋಬರ್‌ನಲ್ಲಿ ಎಡ ಮೊಣಕಾಲಿನ ಲಿಗಮೆಂಟ್ ಹರಿದು ಇಡೀ ಋತು ಹೋಯಿತು. ಮೊದಲೇ ಕಡಿಮೆ ಇದ್ದ ವೇಗಕ್ಕೆ ಅದು ದೊಡ್ಡ ಪೆಟ್ಟು. 2009ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಹೋದ. ಆ ತಂಡ 2009, 2010ರಲ್ಲಿ ಚಾಂಪಿಯನ್ ಆಯಿತು, ಈತನಿಗೂ ಎರಡು ಉಂಗುರ ಸಿಕ್ಕವು. ಆದರೆ ಹೆಚ್ಚು ದಿನ ಬೆಂಚ್ ಮೇಲೆಯೇ ಕಳೆದವು. ಎನ್‌ಬಿಎಯಲ್ಲಿ ಒಟ್ಟು ಆಡಿದ್ದು 161 ಪಂದ್ಯ. ಬಳಿಕ ಸರ್ಬಿಯಾ, ಟರ್ಕಿಯಲ್ಲಿ ಆಡಿದ. 2013ರಲ್ಲಿ ಗೊನ್ಜಾಗಾಕ್ಕೇ ಮರಳಿ ಕೋಚ್‌ಗಳಿಗೆ ನೆರವಾದ. ಮುಂದೆ ಅದೇ ತಂಡದ ಪಂದ್ಯಗಳಿಗೆ ರೇಡಿಯೊ ವೀಕ್ಷಕ ವಿವರಣೆಯನ್ನೂ ಕೊಟ್ಟ.

ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ ಎಂದು ಈಗಲೂ ಜನ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಆತನನ್ನು ಹಿಂದೆ ಎಳೆದದ್ದು ಕಾಲಿನ ವೇಗ ಮತ್ತು ಮೊಣಕಾಲು. ಎಂಟನೇ ಇಯತ್ತೆಯಿಂದ ಜೊತೆಗಿದ್ದ ಶುಗರ್ ಅಲ್ಲ. ಈ ವ್ಯತ್ಯಾಸ ತಂದೆತಾಯಿಗಳು ಗಮನಿಸಬೇಕು. ಕಾಲೇಜಿನ ಚಪ್ಪಾಳೆ ನಂಬಿ ಓದು ಬಿಡಿಸುವುದು ಎಷ್ಟು ತಪ್ಪೋ, ಬೇನೆಗೆ ಹೆದರಿ ಆಟ ಬಿಡಿಸುವುದೂ ಅಷ್ಟೇ ತಪ್ಪು. ಡಾಕ್ಟರನ್ನು ಕೇಳಿಕೊಂಡು, ಪಿ.ಟಿ. ಮಾಸ್ತರರಿಗೆ ಮೊದಲೇ ತಿಳಿಸಿ, ಚೀಲದಲ್ಲಿ ಗ್ಲುಕೋಸ್ ಪುಡಿ ಮತ್ತು ಸಕ್ಕರೆ ನೋಡುವ ಯಂತ್ರ ಇಟ್ಟು ಕಳಿಸಿದರೆ ಹುಡುಗ ಆಡಬಹುದು. ಎನ್‌ಬಿಎ ಮುಟ್ಟದಿದ್ದರೂ ಚಿಂತೆಯಿಲ್ಲ, ಸಂಜೆ ಗೆಳೆಯರ ಜೊತೆ ಅಂಗಳದಲ್ಲಿ ಇದ್ದರೆ ಸಾಕು.