ಒಸಾಕಾ ಜಾತ್ರೆಯಲ್ಲಿ ಪಡ್ಡಿನ ಹಂಚು

ಜುಲೈ 25ರ ಸಂಜೆ. ಜಪಾನಿನ ಒಸಾಕಾ ನಗರ, ಒಕಾವಾ ನದಿಯ ದಂಡೆ. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲವಲ್ಲ, ಅಷ್ಟೇ ಜನ. ಆದರೆ ಇಲ್ಲಿ ಯಾರೂ ತಳ್ಳುತ್ತಿರಲಿಲ್ಲ. ಸೆಖೆ ಮಾತ್ರ ನಮ್ಮೂರಿನ ಏಪ್ರಿಲ್ ತಿಂಗಳನ್ನೂ ಮೀರಿಸುವಂತಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕಾಲೇಜಿನಿಂದ ಹತ್ತು ದಿನಗಳ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಕ್ಕೆಂದು ನಾವು ನಾಲ್ವರು ಹೋಗಿದ್ದೆವು. ಅಲ್ಲಿನ ಲ್ಯಾಬಿನ ವಿದ್ಯಾರ್ಥಿಯೊಬ್ಬ 'ಇವತ್ತು ತೆಂಜಿನ್ ಮತ್ಸುರಿ, ಕೆಲಸ ಸಾಕು' ಎಂದು ಎಬ್ಬಿಸಿಕೊಂಡು ಬಂದಿದ್ದ. ಮತ್ಸುರಿ ಎಂದರೆ ಹಬ್ಬ, ನಮ್ಮ ಲೆಕ್ಕದಲ್ಲಿ ಜಾತ್ರೆ. ಒಸಾಕಾ ತೆನ್‌ಮಂಗು ದೇಗುಲದ ಈ ಜಾತ್ರೆ ಸಾವಿರ ವರ್ಷಕ್ಕೂ ಹಳೆಯದು. ಅಲ್ಲಿನ ದೇವರು ಸುಗವಾರಾ ನೋ ಮಿಚಿಜಾನೆ, ಒಂಬತ್ತನೇ ಶತಮಾನದ ವಿದ್ವಾಂಸ. ಈಗ ವಿದ್ಯೆಯ ದೇವರು. ಪರೀಕ್ಷೆಗೆ ಮುನ್ನ ಜಪಾನಿನ ಹುಡುಗರು ಇವನಿಗೆ ಕೈಮುಗಿಯುತ್ತಾರಂತೆ. ಥರ್ಡ್ ಸೆಮ್ ಮ್ಯಾಥ್ಸ್ ನೆನಪಾಗಿ ನಾನೂ ಮುಗಿದೆ. ಸಂಜೆಯಾದ ಮೇಲೆ ದೇವರನ್ನು ದೋಣಿಯಲ್ಲಿ ಕೂರಿಸಿ ಮೆರವಣಿಗೆ. ಹಿಂದೆ ಮುಂದೆ ಸುಮಾರು ನೂರು ದೋಣಿಗಳು, ಮೇಲೆ ಬಾಣಬಿರುಸು.

ನನ್ನ ಕಣ್ಣು ಮಾತ್ರ ದಂಡೆಯ ಉದ್ದಕ್ಕೂ ಸಾಲುಗಟ್ಟಿದ್ದ ಯತಾಯ್‌ಗಳ ಮೇಲಿತ್ತು. ಯತಾಯ್ ಅಂದರೆ ತಿಂಡಿ ಅಂಗಡಿ. ನಾನು ಸಸ್ಯಾಹಾರಿ. ಹೊರಡುವಾಗ ಅವ್ವ ಆಣೆ ಭಾಷೆ ಏನೂ ಹಾಕಿಸಿಕೊಂಡಿರಲಿಲ್ಲ. 'ನೋಡ್ಕೊಂಡು ತಿನ್ನು' ಎಂದು ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಳು ಅಷ್ಟೇ. ನೋಡಿಕೊಂಡೇ ತಿಂದೆ. ಬೇಯಿಸಿದ ಇಡೀ ಆಲೂಗಡ್ಡೆಯನ್ನು ಸೀಳಿ, ಮೇಲೆ ಬೆಣ್ಣೆ ಹಾಕಿ ಕೊಡುವ 'ಜಾಗಾಬತಾ' ಬೆಣ್ಣೆದೋಸೆ ಊರಿನವನಿಗೆ ಹಿಡಿಸದೆ ಇರುತ್ತದೆಯೇ? ಸೋಯಾ ಸಾಸ್ ಸವರಿ ಸುಟ್ಟ ಮೆಕ್ಕೆಜೋಳವೂ ಚೆನ್ನಾಗಿತ್ತು, ಆದರೆ ನಿಂಬೆಹಣ್ಣು, ಖಾರದಪುಡಿ ಇಲ್ಲದ ಜೋಳ ನನಗೆ ಅರ್ಧ ಜೋಳವೇ. 'ರಾಮುನೆ' ಬಾಟಲಿ ಕೈಗೆ ಬಂದಾಗ ನಗು ಬಂತು. ಕತ್ತಿನಲ್ಲಿ ಗೋಲಿ! ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ನಮ್ಮಲ್ಲಿ ಗೋಲಿ ಸೋಡಾ ಆಯಿತು, ಇಲ್ಲಿ ರಾಮುನೆ ಆಯಿತು.

ಅದನ್ನು ಕುಡಿಯುತ್ತಾ ನಿಂತಿದ್ದಾಗಲೇ ಪಕ್ಕದ ಅಂಗಡಿಯ ಹಂಚು ಕಂಡದ್ದು. ಕಪ್ಪಗಿನ ಎರಕದ ಹಂಚು, ತುಂಬಾ ದುಂಡನೆಯ ಗುಳಿಗಳು. ಪಡ್ಡಿನ ಹಂಚು! ತಲೆಗೆ ಟವೆಲ್ ಸುತ್ತಿದ್ದ ಒಬ್ಬ ನಡುವಯಸ್ಸಿನವನು ಎರಡೂ ಕೈಯಲ್ಲಿ ಸೂಜಿಯಂಥ ಕಡ್ಡಿ ಹಿಡಿದು ಒಂದೊಂದನ್ನೇ ತಿರುವುತ್ತಿದ್ದ.

ಅದು ತಾಕೋಯಾಕಿ. ತಾಕೋ ಎಂದರೆ ಆಕ್ಟೋಪಸ್, ಯಾಕಿ ಎಂದರೆ ಸುಟ್ಟದ್ದು. 1935ರಲ್ಲಿ ಒಸಾಕಾದಲ್ಲೇ ಎಂದೋ ತೊಮೆಕಿಚಿ ಎಂಬಾತ ಶುರು ಮಾಡಿದ ತಿಂಡಿ. ಆಕ್ಟೋಪಸ್ ಬೇಡ ಎಂದರೂ ಹಿಟ್ಟನ್ನು ಕಲಸುವುದೇ ಒಣಮೀನಿನ ಸಾರಿನಲ್ಲಿ ಎಂದು ಗೆಳೆಯ ಹೇಳಿದ. ಹಾಗಾಗಿ ತಿನ್ನಲಿಲ್ಲ. ಆದರೆ ಅಲ್ಲಿಂದ ಕದಲಲೂ ಇಲ್ಲ.

ಅವ್ವ ಒಂದೊಂದು ಗುಳಿಗೂ ಅಳೆದಂತೆ ಹಿಟ್ಟು ಹಾಕುತ್ತಾಳೆ, ಮುಚ್ಚುತ್ತಾಳೆ, ಒಮ್ಮೆ ಮಾತ್ರ ತಿರುವುತ್ತಾಳೆ. ಈತ ಗುಳಿ ತುಂಬಿ ಹಂಚಿನ ತುಂಬಾ ಹರಿಯುವಷ್ಟು ಸುರಿಯುತ್ತಾನೆ. ಮುಚ್ಚಳವೇ ಇಲ್ಲ. ಅಂಚು ಗಟ್ಟಿಯಾಗುತ್ತಲೇ ಕಡ್ಡಿಯಿಂದ ಚೌಕಚೌಕವಾಗಿ ಗೀರಿ, ಹೊರಗುಳಿದ ಹಿಟ್ಟನ್ನು ಒಳಕ್ಕೆ ಮಡಚಿ ಕಾಲು ಸುತ್ತು ತಿರುವುತ್ತಾನೆ. ಒಳಗಿನ ಹಸಿ ಹಿಟ್ಟು ಇಳಿದು ಗುಳಿಯ ತಳ ತುಂಬುತ್ತದೆ. ಹೀಗೆ ತಿರುಗಿಸುತ್ತಾ ಹೋದಂತೆ ಪೂರ್ತಿ ಚೆಂಡು. ಪಡ್ಡು ಯಾಕೆ ನಡುವೆ ಕಟ್ಟು ಹಾಕಿದಂತಿರುತ್ತದೆ, ಇದು ಯಾಕೆ ಗುಂಡಗಿರುತ್ತದೆ ಎಂಬುದು ಅಲ್ಲೇ ಅರ್ಥವಾಯಿತು.

'ವಾವ್, ಎಂಥಾ ಸ್ಕಿಲ್ ಅಲ್ವಾ!' ಎಂದು ನನ್ನ ಕ್ಲಾಸ್‌ಮೇಟ್ ವಿಡಿಯೊ ಮಾಡುತ್ತಿದ್ದ. ಊರಲ್ಲಿ ತಳ್ಳುಗಾಡಿ ಕಂಡರೆ 'ಹೈಜೀನ್ ಇಲ್ಲ ಕಣೋ' ಎಂದು ಮೂಗು ಮುರಿಯುವವನು.

ಹೇಳಲೇಬೇಕಾದ ಒಂದು ವಿಷಯವಿದೆ. ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನಾನು 'ಗೃಹಿಣಿ' ಎಂದು ಬರೆದಿದ್ದೇನೆ. ಅಪ್ಪ ತೀರಿಕೊಂಡ ವರ್ಷದಿಂದ ಅವ್ವ ಪಡ್ಡಿನ ಗಾಡಿ ಹಾಕುತ್ತಾಳೆ. ಗೆಳೆಯರು ಮನೆಗೆ ಬರುತ್ತೇವೆ ಎಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿದ್ದೇನೆ. ನನ್ನ ಜೇಬಿನಲ್ಲಿದ್ದ ಯೆನ್‌ಗಳು ಅವಳು ಚೀಟಿ ಎತ್ತಿ ಕೊಟ್ಟ ಇಪ್ಪತ್ತು ಸಾವಿರ ರೂಪಾಯಿ.

'ನಮ್ಮವ್ವನೂ ಇದೇ ಕೆಲ್ಸ ಮಾಡೋದು' ಎಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಅವನು ಮೊಬೈಲ್ ಇಳಿಸಿ ನನ್ನನ್ನೇ ನೋಡಿದ. 'ಆಕ್ಟೋಪಸ್ಸಾ?'

ಎರಡು ವರ್ಷ ಹೆದರಿದ್ದು ಇದಕ್ಕೇನಾ ಎನಿಸಿ ನಗು ತಡೆಯಲಾಗಲಿಲ್ಲ. ಆಮೇಲೆ ಎಲ್ಲ ಹೇಳಿದೆ. 'ಮೊದ್ಲೇ ಹೇಳ್ಬಾರ್ದಿತ್ತಾ' ಎಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ನನ್ನ ಮೊಬೈಲಿನಲ್ಲಿ ಅವ್ವನ ಒಂದು ವಿಡಿಯೊ ಇತ್ತು. ಗಿರಾಕಿಗಳು ಕಡಿಮೆಯಾದಾಗ ಅಂಗಡಿಯವನಿಗೆ ತೋರಿಸಿದೆ. ಅವನು ಕೈ ಒರೆಸಿಕೊಂಡು ಪೂರ್ತಿ ನೋಡಿದ, ಮತ್ತೊಮ್ಮೆ ಹಾಕು ಎಂದು ಸನ್ನೆ ಮಾಡಿದ. ಅವ್ವ ಮುಚ್ಚಳ ತೆಗೆಯುವಾಗ 'ಓ' ಎಂದ. ಏನೋ ಕೇಳಿದ. ಹಿಟ್ಟಿಗೆ ಏನು ಹಾಕುತ್ತಾರೆ ಎನ್ನುತ್ತಿದ್ದಾನೆ ಎಂದು ಗೆಳೆಯ ಅನುವಾದಿಸಿದ. ಅಕ್ಕಿ, ಉದ್ದು ನೆನೆಸಿ ರುಬ್ಬಿ ರಾತ್ರಿಯಿಡೀ ಹುಳಿ ಬರಿಸುವುದನ್ನು ವಿವರಿಸಲು ನಮ್ಮಿಬ್ಬರಿಗೂ ಸಾಕುಸಾಕಾಯಿತು.

ಆಗ ಅಲ್ಲಿ ರಾತ್ರಿ ಎಂಟೂವರೆ. ನಮ್ಮಲ್ಲಿ ಸಂಜೆ ಐದು, ಗಾಡಿ ಹಚ್ಚುವ ಹೊತ್ತು. ವಿಡಿಯೊ ಕಾಲ್ ಮಾಡಿ ಹಂಚಿನತ್ತ ಮೊಬೈಲ್ ಹಿಡಿದೆ. ಹಿಂದೆ ಬಾಣಬಿರುಸಿನ ಸದ್ದು.

'ಯಾಕೋ ಹಂಗೆ ಚೆಲ್ಲಾಡ್ತಾನೆ ಹಿಟ್ಟು?' ಎಂದಳು ಅವ್ವ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. 'ಓಹೋ, ಒಳಗೆ ಮಡಚ್ತಾನೆ. ಕೈ ಚಲೋ ಐತಿ. ಒಂದು ಎಷ್ಟಂತೆ?'

ಎಂಟಕ್ಕೆ 600 ಯೆನ್, ನಮ್ಮ ದುಡ್ಡಲ್ಲಿ ಮುನ್ನೂರು ರೂಪಾಯಿ ಮೇಲೆಯೇ ಎಂದೆ.

'ಮುನ್ನೂರಾ!' ಎಂದವಳು ಪಕ್ಕಕ್ಕೆ ತಿರುಗಿ ಯಾರಿಗೋ 'ಬಂದೆ ಬಂದೆ, ಎರಡು ಪ್ಲೇಟಾ?' ಎಂದಳು. 'ಗಿರಾಕಿ ಬಂದ್ರು, ಇಡು.'