ಬಿಸಿಲಲ್ಲಿ ಓಡಾಡಿದ ರಕ್ತಪಿಶಾಚಿ

ಬೋಳುತಲೆಯ, ಇಲಿಹಲ್ಲಿನ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಇರುಕಿಕೊಂಡು ಊರೊಳಗೆ ಬರುತ್ತಿದ್ದ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳಿಸಿತು. ‘ಸರ್, ಸೂರ್ಯನ ಬೆಳಕು ಬಿದ್ರೆ ಸಾಯೋನು ಅಂದ್ರಿ. ಇಲ್ನೋಡಿದ್ರೆ ಮಟಮಟ ಮಧ್ಯಾಹ್ನ ಸಾಮಾನು ಹೊತ್ಕೊಂಡು ಮನೆ ಬದಲಾಯಿಸ್ತಿದಾನೆ!’ ಇಡೀ ತರಗತಿ ಗೊಳ್ಳೆಂದಿತು.

ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗದ ಸಿನಿಮಾ ತರಗತಿ ಅದು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಫ್ಯಾನ್ ಸದ್ದಿಗೆ ಮೇಷ್ಟ್ರ ಮಾತು ಕೇಳಿಸುವುದಿಲ್ಲವೆಂದು ಅದನ್ನೂ ಆರಿಸಿ, ಬೆವರುತ್ತ ಕೂತಿದ್ದರು. ಓಡುತ್ತಿದ್ದದ್ದು ಎಫ್.ಡಬ್ಲ್ಯು. ಮುರ್ನಾವ್ ನಿರ್ದೇಶನದ 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ಕಾಲೇಜುಗಳಲ್ಲಿ ಸಿನಿಮಾ ಪಾಠ ಹೇಗೆ ನಡೆಯುತ್ತದೆಂದು ನಾಲ್ಕು ಸಾಲು ಬರೆಯಲು ಹೋಗಿದ್ದ ನಾನು, ಮುಂದಿನ ಐದು ನಿಮಿಷದಲ್ಲಿ ಕಂಡದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಇನ್ನೂ ಹೇಳುತ್ತಿದ್ದೇನೆ.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಆ ನಗುವಿಗೇ ಕಾದಿದ್ದವರಂತೆ ಆ ಕಪ್ಪು-ಬಿಳುಪು ಪ್ರತಿಯನ್ನು ನಿಲ್ಲಿಸಿ, ಅದೇ ದೃಶ್ಯದ ಇನ್ನೊಂದು ಪ್ರತಿ ಹಾಕಿದರು. ಅದೇ ಬೀದಿ, ಅದೇ ಓರ್ಲಾಕ್, ಅದೇ ಪೆಟ್ಟಿಗೆ. ಆದರೆ ಬೀದಿಗೆ ಬೀದಿಯೇ ನೀಲಿ. ಈ ಸಲ ಯಾರೂ ನಗಲಿಲ್ಲ.

ಆ ಕಾಲದ ಫಿಲಂಗೆ ರಾತ್ರಿಯ ಬೀದಿಯನ್ನು ಹಿಡಿಯುವಷ್ಟು ಸೂಕ್ಷ್ಮತೆ ಇರಲಿಲ್ಲ. ಹಾಗಾಗಿ ಹಗಲಲ್ಲೇ ಚಿತ್ರೀಕರಿಸಿ, ಪ್ರದರ್ಶನಕ್ಕೆ ಹೋಗುವ ಪ್ರಿಂಟಿನ ಆಯಾ ತುಣುಕನ್ನು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ನೀಲಿ ಎಂದರೆ ರಾತ್ರಿ, ಹಳದಿ ಎಂದರೆ ದೀಪ ಉರಿಯುವ ಕೋಣೆ, ನಸುಗೆಂಪು ಎಂದರೆ ಬೆಳಗಿನ ಜಾವ. ಅಂದಿನ ಪ್ರೇಕ್ಷಕನಿಗೆ ಇದು ಸಲೀಸಾಗಿ ಅರ್ಥವಾಗುತ್ತಿತ್ತು. ಮುಂದೆ ಅಂಥ ಪ್ರಿಂಟುಗಳಿಂದ ಕಪ್ಪು-ಬಿಳುಪು ನಕಲು ತೆಗೆದಾಗ ಬಣ್ಣ ಉಳಿಯಲಿಲ್ಲ. ರಾತ್ರಿ ಹೋಯಿತು, ಬಿಸಿಲು ಉಳಿಯಿತು. ದಶಕಗಟ್ಟಲೆ ಜಗತ್ತಿನ ಫಿಲಂ ಸೊಸೈಟಿಗಳು ಈ ಬಿಸಿಲಿನ ಓರ್ಲಾಕ್‌ನನ್ನೇ ನೋಡಿ ತಲೆದೂಗಿದವು.

ತಮಾಷೆ ಇಲ್ಲಿಗೇ ಮುಗಿಯುವುದಿಲ್ಲ. ಸೂರ್ಯನ ಬೆಳಕು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಎಂಬ ನಿಯಮ ಅನಾದಿ ಕಾಲದ್ದೆಂದು ನಾವೆಲ್ಲ ನಂಬಿದ್ದೇವೆ. ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಡ್ರಾಕುಲಾ ಹಗಲಲ್ಲಿ ಲಂಡನ್ನಿನ ಬೀದಿಯಲ್ಲೇ ಕಾಣಿಸಿಕೊಳ್ಳುತ್ತಾನೆ. ಅವನ ಶಕ್ತಿ ಕುಂದಿರುತ್ತದೆ, ಅಷ್ಟೇ. ಕೋಳಿ ಕೂಗಿ, ಬೆಳಕು ಹರಿದು, ಪಿಶಾಚಿ ಹೊಗೆಯಾಗಿ ಕರಗುವ ಸಾವನ್ನು ಕೊಟ್ಟದ್ದು ‘ನೊಸ್ಫೆರಾಟು’. ಅಂದರೆ ನಿಯಮ ಮಾಡಿದ ಚಿತ್ರವೇ, ಬಣ್ಣ ಕಳೆದುಕೊಂಡ ತಪ್ಪಿಗೆ, ನಿಯಮ ಮುರಿದ ಅಪವಾದವನ್ನೂ ಹೊತ್ತಿತು. 1958ರಲ್ಲಿ ಕ್ರಿಸ್ಟೋಫರ್ ಲೀಯ ಡ್ರಾಕುಲಾ ಬಿಸಿಲಿಗೆ ಬೂದಿಯಾದದ್ದೂ ಇದೇ ಸಾಲದಲ್ಲಿ.

ಅಸಲಿಗೆ ಈ ಚಿತ್ರ ಉಳಿಯಬಾರದಿತ್ತು. ಹಕ್ಕು ಕೊಳ್ಳದೆ, ಹೆಸರುಗಳನ್ನಷ್ಟೇ ಬದಲಿಸಿ ಮಾಡಿದ ಚಿತ್ರವೆಂದು ಸ್ಟೋಕರ್‌ನ ಪತ್ನಿ ಫ್ಲಾರೆನ್ಸ್ ಮೊಕದ್ದಮೆ ಹೂಡಿದರು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಆದೇಶವಾಯಿತು. ಅಷ್ಟರಲ್ಲಾಗಲೇ ಕೆಲವು ಪ್ರಿಂಟುಗಳು ಗಡಿ ದಾಟಿದ್ದವು. ಮುಂದೆ ಪ್ಯಾರಿಸ್‌ನ ಸಂಗ್ರಹಾಲಯದಲ್ಲಿ ಉಳಿದಿದ್ದ ಬಣ್ಣದ ಪ್ರಿಂಟೊಂದು ಪುನರುಜ್ಜೀವನಕ್ಕೆ ಆಧಾರವಾಯಿತು. ಮೇಷ್ಟ್ರು ಎರಡನೆಯದಾಗಿ ತೋರಿಸಿದ್ದು ಆ ಪುನರುಜ್ಜೀವಿತ ಚಿತ್ರವನ್ನೇ.

ನಮ್ಮಲ್ಲಿ ಸಿನಿಮಾ ಪಾಠ ಎಂದ ಕೂಡಲೇ ಹೆಗ್ಗೋಡಿನ ಮಾತು ಬರಲೇಬೇಕು. 1973ರಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ ಹುಟ್ಟಿತು. ಪುಣೆಯ ಸತೀಶ್ ಬಹಾದ್ದೂರರು ಹಳ್ಳಿಯವರಿಗೆ ಶಿಬಿರಗಳಲ್ಲಿ ಸಿನಿಮಾ ರಸಗ್ರಹಣ ಕಲಿಸಿದರು. ಆ ಕಥೆ ಓದುಗರಿಗೆ ಗೊತ್ತಿರುವುದೇ. ನನ್ನ ತಕರಾರು ಒಂದೇ. ಅಂಥ ಶಿಬಿರಗಳ ಕಾಯಂ ಪಟ್ಟಿಯಲ್ಲಿ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ಇದ್ದವು. ದೆವ್ವದ ಚಿತ್ರಗಳಿಗೆ ಮಣೆ ಹಾಕಿದ್ದನ್ನು ನಾನು ಕಂಡದ್ದು ಕಡಿಮೆ. ‘ರಾಶೋಮನ್’ನಲ್ಲಿ ಸತ್ತ ಸಮುರಾಯ್ ಹೆಂಗಸೊಬ್ಬಳ ಮೈಮೇಲೆ ಬಂದು ಸಾಕ್ಷಿ ಹೇಳುತ್ತಾನೆ, ಅದನ್ನು ಯಾರೂ ದೆವ್ವದ ಸಿನಿಮಾ ಅನ್ನುವುದಿಲ್ಲ. ಕುರೊಸಾವಾ ಮಾಡಿದರೆ ದೆವ್ವಕ್ಕೂ ಮರ್ಯಾದೆ.

ತರಗತಿಯಲ್ಲಿ ಭಯದ ಚಿತ್ರಕ್ಕಿರುವ ಲಾಭ ಬೇರೆಯದಕ್ಕಿಲ್ಲ ಎಂದು ನನಗೆ ಖಾತ್ರಿಯಾದದ್ದು ಅದೇ ಮೇಷ್ಟ್ರು ‘ಸೈಕೋ’ ಹಾಕಿದಾಗ. ಶ್ರೇಷ್ಠ ಎಂದು ಮೊದಲೇ ಮುದ್ರೆ ಬಿದ್ದ ಚಿತ್ರದ ಮುಂದೆ ಹುಡುಗರು ಕೈಕಟ್ಟಿ ಕೂರುತ್ತಾರೆ, ಕೇಳಿದರೆ ಒಪ್ಪಿಸುವ ಮಾತು ಆಡುತ್ತಾರೆ. ಬೆಚ್ಚಿಬಿದ್ದವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಲ್ಲಿ ಬೆಚ್ಚಿದೆ ಎಂದು ಕೇಳಿದರೆ ಜಾಗ ತೋರಿಸುತ್ತಾರೆ, ಅಲ್ಲಿಂದ ವಿಶ್ಲೇಷಣೆ ಶುರು.

ಹಿಚ್‌ಕಾಕ್‌ನ 1960ರ ಆ ಚಿತ್ರದ ಸ್ನಾನದ ಮನೆಯ ಕೊಲೆ ಮುಕ್ಕಾಲು ನಿಮಿಷದ್ದು. ಮೇಷ್ಟ್ರು ಮೊದಲು ಸದ್ದಡಗಿಸಿ ಹಾಕಿದರು. ಕಟ್ ಬಿದ್ದಾಗಲೆಲ್ಲ ಪುಸ್ತಕದಲ್ಲಿ ಒಂದು ಗೆರೆ ಎಳೆಯಬೇಕು. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗಲಿಲ್ಲ; ಗೆರೆ ಎಳೆಯುವಷ್ಟರಲ್ಲಿ ಇನ್ನೆರಡು ಕಟ್ ದಾಟಿರುತ್ತಿದ್ದವು. ಪುಸ್ತಕಗಳು ಹೇಳುವ ಲೆಕ್ಕ 78 ಕ್ಯಾಮೆರಾ ಕೋನ, 52 ಕಟ್. ಚಾಕು ಮೈ ಸೀಳಿದ್ದನ್ನು ಕಂಡೆವೆಂದು ಆಣೆ ಮಾಡಿದವರಿಗೆ ನಿಧಾನಗತಿಯಲ್ಲಿ ಹಾಕಿ ತೋರಿಸಿದರೆ ಅಲ್ಲಿ ಸೀಳೂ ಇಲ್ಲ, ಗಾಯವೂ ಇಲ್ಲ. ರಕ್ತ ಚಾಕೊಲೆಟ್ ಸಿರಪ್, ಇರಿತದ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚುಚ್ಚಿದ್ದು. ಆಮೇಲೆ ಸದ್ದು ಹಾಕಿದರು. ಬರ್ನಾರ್ಡ್ ಹರ್ಮನ್‌ನ ಪಿಟೀಲುಗಳು ಕಿರುಚಿದ್ದೇ ತಡ, ಈಗಷ್ಟೇ ಕಟ್ ಎಣಿಸಿದ್ದ ಹುಡುಗಿಯೇ ಪಕ್ಕದವಳ ತೋಳು ಹಿಡಿದುಕೊಂಡಳು. ಈ ದೃಶ್ಯಕ್ಕೆ ಸಂಗೀತವೇ ಬೇಡ ಎನ್ನುವುದು ಹಿಚ್‌ಕಾಕ್‌ನ ಮೊದಲ ಅಭಿಪ್ರಾಯವಾಗಿತ್ತು. ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದ.

‘ಸೈಕೋ’ದ ಕೊನೆ ಮಾತ್ರ ನನಗೆ ಯಾವತ್ತೂ ಸೇರಿಲ್ಲ. ಮನೋವೈದ್ಯನೊಬ್ಬ ಬಂದು ಎಲ್ಲವನ್ನೂ ಬಿಡಿಸಿ ಹೇಳಿ ಭಯವನ್ನೆಲ್ಲ ಫೈಲಿಗೆ ಸೇರಿಸುತ್ತಾನೆ. ಅದನ್ನು ನೋಡಿದ ಹುಡುಗನೊಬ್ಬ, ‘ಸರ್, ಇದು ನಮ್ಮ ಆಪ್ತಮಿತ್ರ’ ಎಂದ. ಚರ್ಚೆ ಕಾವೇರಿದ್ದೇ ಆಗ. 2004ರ ‘ಆಪ್ತಮಿತ್ರ’ದಲ್ಲೂ ವಿಷ್ಣುವರ್ಧನ್ ಮನೋವೈದ್ಯರು, ಗಂಗಾ ನಾಗವಲ್ಲಿಯಾಗುವುದು ಕಾಯಿಲೆ ಎಂದು ಅವರೂ ವಿವರಿಸುತ್ತಾರೆ. ‘ಆದ್ರೆ ಇಲ್ಲಿ ಡಾಕ್ಟ್ರಿಗೆ ಆಚಾರ್ಯರ ಸಹಾಯ ಬೇಕಾಯ್ತು. ಕಾಯಿಲೆ ಅಂತ ಹೇಳೋದು ಇವ್ರು, ಬಿಡಿಸೋಕೆ ಮಂಡಲ ಅವ್ರದ್ದು’ ಎಂದು ಇನ್ನೊಬ್ಬಳ ವಾದ. ವಿಜ್ಞಾನಕ್ಕೂ ಮಂತ್ರಕ್ಕೂ ಸಮನಾಗಿ ಟಿಕೆಟ್ ಮಾರುವ ಜಾಣತನ ಇದೆಂದು ಮೂರನೆಯವನ ಷರಾ. ಅಷ್ಟರಲ್ಲಿ ಮೂಲೆಯಿಂದ ಪ್ರಶ್ನೆ ಬಂತು: ‘ಎಲ್ಲಾ ಮನಸ್ಸಿನ ಕಾಯಿಲೆ ಅಂದ್ರೆ ಆ ದೊಡ್ಡ ಹಾವು ಯಾಕೆ ಸರ್?’ ಮೇಷ್ಟ್ರ ಹತ್ತಿರವೂ ಉತ್ತರ ಇರಲಿಲ್ಲ. ಇದೇ ಕಥೆಯ ಮೂಲ, ಫಾಸಿಲ್ ನಿರ್ದೇಶನದ 1993ರ ‘ಮಣಿಚಿತ್ರತಾಳ್’ ಹಾವಿನ ಹಂಗಿಲ್ಲದೆಯೇ ಹೆದರಿಸುತ್ತದೆ.

ಬೇಸರದ ಸಂಗತಿಯೆಂದರೆ ‘ಆಪ್ತಮಿತ್ರ’ ಬಂದದ್ದು ಹುಡುಗರ ಬಾಯಲ್ಲಿ, ಪಠ್ಯದಲ್ಲಿ ಅಲ್ಲ. ಪಟ್ಟಿಯಲ್ಲಿ ಕನ್ನಡದ ಒಂದು ಭಯದ ಚಿತ್ರವೂ ಇರಲಿಲ್ಲ. ಮುಂದಿನ ಸೆಮಿಸ್ಟರಿಗೆ ಪಟ್ಟಿ ಮಾಡುವ ಮೇಷ್ಟ್ರುಗಳು 1979ರ ‘ನಾ ನಿನ್ನ ಬಿಡಲಾರೆ’ಯನ್ನು ದಯವಿಟ್ಟು ಸೇರಿಸಿಕೊಳ್ಳಲಿ. ಹೆಣ್ಣುದೆವ್ವ ಗಂಡಸಿನ ಮೈಮೇಲೆ ಬರುವ ಚಿತ್ರ ಅದು. ದೆವ್ವ ಬಂದಾಗಿನ ಅನಂತನಾಗ್ ಮುಖವನ್ನು ಮೊದಲು ಸದ್ದಿಲ್ಲದೆ, ಆಮೇಲೆ ಸದ್ದಿನೊಂದಿಗೆ ತೋರಿಸಿ, ಕಟ್ ಎಣಿಸಲು ಹೇಳಲಿ.