ವೃದ್ಧರ ಶುಶ್ರೂಷೆಯೂ ಯಂತ್ರಸಾಧನಗಳೂ

ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮುಪ್ಪಿನ ತಾಯಿತಂದೆಗಳ ಯೋಗಕ್ಷೇಮದ ಭಾರವನ್ನು ಹೊತ್ತಿರುವರು. ಕೆಲವರು ದೂರದ ಊರುಗಳಲ್ಲಿದ್ದುಕೊಂಡು, ಒಂಟಿಯಾಗಿರುವ ತಾಯಿಯು ರಾತ್ರಿಯಲ್ಲಿ ಬಿದ್ದರೆ ಎತ್ತುವವರಾರೆಂಬ ಚಿಂತೆಯಿಂದ ನಿದ್ರೆಗೆಡುವರು. ಈ ಚಿಂತೆಯನ್ನು ಯಂತ್ರಸಾಧನಗಳು ಎಷ್ಟರ ಮಟ್ಟಿಗೆ ನೀಗಿಸಬಲ್ಲವೆಂಬದನ್ನು ಅಮೇರಿಕದ ಆರೆಗಾನ್ ಸಂಸ್ಥಾನದ ಎರಡು ನಿವಾಸಗಳ ದೃಷ್ಟಾಂತದಿಂದ ವಿವರಿಸಲು ಯತ್ನಿಸುವೆವು.

ಶ್ರೀಮತಿ ಕೆರೆನ್ ಬ್ರೌನ್ ವಿಲ್ಸನ್‌ರವರು 19 ವರ್ಷದವರಾಗಿದ್ದಾಗ, 55 ವರ್ಷ ಪ್ರಾಯದ ಅವರ ತಾಯಿಗೆ ಪಾರ್ಶ್ವವಾಯು ಬಡಿಯಿತು. ಆಕೆಯು ಶುಶ್ರೂಷಾಲಯವನ್ನು ಸೇರಬೇಕಾಯಿತು. ಅಲ್ಲಿ ಅನ್ನ ಔಷಧಗಳು ದೊರೆತರೂ ತನ್ನದೆನ್ನತಕ್ಕ ಮನೆಯಿರಲಿಲ್ಲ. ತನ್ನಂಥವರಿಗಾಗಿ ಏನನ್ನಾದರೂ ಮಾಡಬಾರದೇ ಎಂದು ಆ ತಾಯಿಯು ಮಗಳನ್ನು ಕೇಳಿದಳು. ಆಕೆಯು ಬಯಸಿದ್ದು ಬಹಳವಲ್ಲ. ಚಿಕ್ಕ ಅಡಿಗೆಮನೆ, ತನ್ನದೇ ಸ್ನಾನದ ಕೋಣೆ, ತನಗೆ ಪ್ರಿಯವಾದ ಕೆಲವು ವಸ್ತುಗಳು, ಬೀಗ ಹಾಕಿಕೊಳ್ಳಬಹುದಾದ ಬಾಗಿಲು, ಇಷ್ಟೇ. ಮಗಳು ಆ ಮಾತನ್ನು ಮರೆಯಲಿಲ್ಲ. 1983ರಲ್ಲಿ ಪೋರ್ಟ್‌ಲೆಂಡ್ ಪಟ್ಟಣದಲ್ಲಿ 112 ಮನೆಗಳುಳ್ಳ ‘ಪಾರ್ಕ್ ಪ್ಲೇಸ್’ ಎಂಬ ನಿವಾಸವು ತೆರೆಯಲ್ಪಟ್ಟಿತು. ಊಟ, ಔಷಧ, ಸ್ನಾನ, ಉಡಿಗೆತೊಡಿಗೆಗಳಲ್ಲಿ ನೆರವು ದೊರೆಯುತ್ತಿತ್ತು. ಆಪತ್ತಿನಲ್ಲಿ ಒತ್ತುವದಕ್ಕೆ ಒಂದು ಗುಂಡಿಯೂ ಇತ್ತು. ಆದರೆ ಅಲ್ಲಿದ್ದವರು ರೋಗಿಗಳಲ್ಲ, ತಮ್ಮ ತಮ್ಮ ಮನೆಗಳ ಯಜಮಾನರೇ. ಇಂಥ ಏರ್ಪಾಡಿಗೆ ‘ಸಹಾಯಯುಕ್ತ ನಿವಾಸ’ ಎನ್ನಬಹುದು.

ಮುಂದೆ ಅದೇ ಪ್ರಾಂತದಲ್ಲಿ, ಪೋರ್ಟ್‌ಲೆಂಡಿಗೆ ಸಮೀಪದ ಮಿಲ್ವಾಕಿ ಎಂಬ ಊರಲ್ಲಿ, ‘ಎಲೈಟ್ ಕೇರ್’ ಎಂಬ ಕಂಪೆನಿಯು ‘ಓಟ್‌ಫೀಲ್ಡ್ ಎಸ್ಟೇಟ್ಸ್’ ಎಂಬ ನಿವಾಸವನ್ನು ಕಟ್ಟಿತು. 2002ರ ಹೊತ್ತಿಗೆ ಅಲ್ಲಿಯ ಯಂತ್ರಸಾಧನಗಳು ವಿದ್ವಾಂಸರ ಗಮನವನ್ನು ಸೆಳೆದಿದ್ದವು. ಅವು ಕೆಲಸಮಾಡುತ್ತಿದ್ದ ರೀತಿಯು ಹೇಗಂದರೆ:

ನಿವಾಸಿಗಳು ಮೈಮೇಲೆ ಒಂದು ಬಿಲ್ಲೆಯನ್ನು ಧರಿಸುತ್ತಿದ್ದರು. ಅದರಿಂದ ಹೊರಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಗ್ರಹಿಸುವ ಉಪಕರಣಗಳು ಕಟ್ಟಡದಲ್ಲಿದ್ದ ಕಾರಣ, ಯಾರು ಯಾವ ಭಾಗದಲ್ಲಿರುವರೆಂಬದು ಕಂಪ್ಯೂಟರಿಗೆ ತಿಳಿಯುತ್ತಿತ್ತು. ನೆನಪು ಮಾಸಿದ ಹಿರಿಯರು ಹಾದಿತಪ್ಪಿ ಹೊರಟರೆ ಸೇವಕರಿಗೆ ಸೂಚನೆ ಹೋಗುತ್ತಿತ್ತು. ಹಾಸಿಗೆಯ ಮಂಚಕ್ಕೆ ಭಾರವನ್ನಳೆಯುವ ಸಾಧನವನ್ನು ಅಳವಡಿಸಿದ್ದರು. ಮಲಗಿದವರು ಎದ್ದರೆ ಭಾರವು ಇಳಿಯುವದು. ಹೊರಳಾಡಿದರೆ ಭಾರವು ಅತ್ತಿತ್ತ ಸರಿಯುವದು. ಹೀಗೆ ನಿದ್ರೆಯು ಕೆಟ್ಟಿತೋ, ದೇಹದ ತೂಕವು ವಾರದಿಂದ ವಾರಕ್ಕೆ ಕುಗ್ಗುತ್ತಿದೆಯೋ ಎಂಬದನ್ನು ಯಾರ ನಿದ್ರೆಗೂ ಭಂಗವಿಲ್ಲದೆ ಅರಿಯಬಹುದಾಗಿತ್ತು.

ಇದರ ಪ್ರಯೋಜನವು ಅಲ್ಪವಲ್ಲ. ರಾತ್ರಿಯಲ್ಲಿ ಪದೇಪದೇ ಏಳುವದು ಮೂತ್ರದ ಸೋಂಕಿನ ಗುರುತಾಗಿರಬಹುದು. ಮೆಲ್ಲನೆ ಇಳಿಯುವ ತೂಕವು ಅಡಗಿರುವ ರೋಗವನ್ನು ಸೂಚಿಸಬಹುದು. “ನನಗೇನೂ ಇಲ್ಲ, ಮಗಳೇ” ಎಂದು ತಾಯಿಯು ಮರೆಮಾಚುವದನ್ನು ಮಂಚವು ಮರೆಮಾಚದು.

ಆದರೆ ವಾಚಕರು ಒಂದು ಸಂಗತಿಯನ್ನು ಚೆನ್ನಾಗಿ ಲಕ್ಷ್ಯದಲ್ಲಿಡತಕ್ಕದ್ದು. ತೂಕವು ಇಳಿಯಿತೆಂದು ಯಂತ್ರವು ಹೇಳೀತು. ಕಟ್ಟುಹಲ್ಲು ಸಡಿಲವಾಯಿತೋ, ಅಡಿಗೆ ರುಚಿಸಲಿಲ್ಲವೋ, ಜತೆಯಲ್ಲಿ ಉಣ್ಣುವವರಿಲ್ಲದೆ ಅನ್ನವು ಸೇರಲಿಲ್ಲವೋ ಎಂಬದನ್ನು ಬಳಿಯಲ್ಲಿ ಕುಳಿತು ಕೇಳಿದವರೇ ತಿಳಿಯಬೇಕು. ಗುಂಡಿಯನ್ನೊತ್ತಿದಾಗ ಓಡಿಬರುವ ಕಾಲುಗಳಿಲ್ಲದಿದ್ದರೆ ಗುಂಡಿಯಿಂದೇನು ಫಲ?

ಇನ್ನೊಂದು ಸಂಗತಿಯು ಇದಕ್ಕಿಂತಲೂ ಸೂಕ್ಷ್ಮವಾದದ್ದು. ಶ್ರೀಮತಿ ವಿಲ್ಸನ್‌ರವರ ತಾಯಿಯು ಬೀಗವನ್ನು ಬಯಸಿದ್ದು ಕಳ್ಳರ ಭಯದಿಂದಲ್ಲ. ಬೇಕೆಂದಾಗ ಏಕಾಂತವಿರಲೆಂಬ ಬಯಕೆಯಿಂದ. ಬಿಲ್ಲೆಯೂ ಮಂಚವೂ ಬಾಗಿಲನ್ನು ತಟ್ಟದೆಯೇ ಒಳಹೊಕ್ಕು ನೋಡುವಂಥವು. ಹಾಗಾದರೆ ಒಂದು ಕೈಯಿಂದ ಕೊಟ್ಟ ಬೀಗವನ್ನು ಮತ್ತೊಂದು ಕೈಯಿಂದ ಕಸಿದುಕೊಂಡಂತಾಗಲಿಲ್ಲವೇ? ಈ ದೋಷವು ಬಾರದಿರಬೇಕಾದರೆ, ಸಾಧನವನ್ನಿಡುವ ಮೊದಲು ಹಿರಿಯರಿಗೆ ಅದರ ಕೆಲಸವನ್ನು ತಿಳಿಸಿ ಅವರ ಒಪ್ಪಿಗೆಯನ್ನು ಪಡೆಯಬೇಕು. ಅದರ ವರ್ತಮಾನವನ್ನು ಯಾರು ಯಾರು ನೋಡಬಹುದೆಂಬದನ್ನು ಅವರೇ ಗೊತ್ತುಮಾಡಬೇಕು. ಬೇಡವೆಂದಾಗ ತೆಗೆದಿಡುವ ಸ್ವಾತಂತ್ರ್ಯವೂ ಅವರಿಗಿರಬೇಕು. ನೆನಪು ಮಾಸಿದವರ ವಿಷಯದಲ್ಲಿ ಅವರ ಮೊದಲಿನ ಇಷ್ಟಾನಿಷ್ಟಗಳನ್ನು ಬಲ್ಲವರು ಅವರಿಗಾಗಿ ವಿಚಾರಿಸತಕ್ಕದ್ದು.

ಆದುದರಿಂದ ತಾಯಿತಂದೆಗಳಿಗಾಗಿ ಇಂಥ ನಿವಾಸವನ್ನು ಹುಡುಕುವವರು ಯಂತ್ರಗಳೆಷ್ಟಿವೆಯೆಂದು ಕೇಳಿ ಸುಮ್ಮನಾಗಬಾರದು. ರಾತ್ರಿಯಲ್ಲಿ ಎಚ್ಚರವಾಗಿರುವ ಸೇವಕಿಯರೆಷ್ಟು, ಅವರು ಬಾಗಿಲನ್ನು ತಟ್ಟಿ ಒಳಗೆ ಬರುವರೋ ಎಂದು ಕೇಳಬೇಕು. ರೋಗಿಯ ಹಾಸಿಗೆಯನ್ನು ಸರಿಪಡಿಸುವಾಗ ಅವಳೊಡನೆ ಮೃದುವಾಗಿ ಮಾತಾಡಬೇಕೆಂದು ಬಾಲ್ಯದಲ್ಲಿ ಕಲಿತ ನಮಗೆ ಇದು ಹೊಸ ಪಾಠವಲ್ಲ. ಯಂತ್ರವು ಸುದ್ದಿಯನ್ನು ತರಲಿ. ಸುದ್ದಿಯನ್ನು ಕೇಳಿ ಎದ್ದುಹೋಗುವ ಕೆಲಸವು ನಮ್ಮದು. ಬೀಗದ ಕೈಯಂತೂ ಹಿರಿಯರ ಸೆರಗಿನಲ್ಲಿಯೇ ಇರಲಿ.